ನೀರು ಹಾಕದ ಕೈ

ಪುಣೆಯಲ್ಲಿ ಸಕ್ಯುಲೆಂಟ್ ಗಿಡ ಕೊಳ್ಳುವವರಿಗೆ ಸಿಗುವ ಭರವಸೆ ಒಂದೇ: "ವಾರಕ್ಕೊಮ್ಮೆ ನೀರು ಹಾಕಿ, ಸಾಕು." ಅದನ್ನು ನಂಬಿ ತಂದ ನನ್ನ ಎಚೆವೇರಿಯಾ ಜುಲೈನಲ್ಲಿ ಸತ್ತಿತು. ಎಲೆಗಳು ಕಮಲದಂತೆ ಅರಳಿಯೇ ಇದ್ದವು. ಬೆರಳು ತಾಗಿಸಿದರೆ ಇಡೀ ತಲೆಯೇ ಕಳಚಿ ಬಂತು, ಕಾಂಡದೊಳಗೆ ಬರೀ ಕಪ್ಪು ಲೋಳೆ. ಬರ ತಾಳುವ ಗಿಡವನ್ನು ಉಪಚಾರವೇ ಕೊಂದಿತ್ತು.

ನಮಗೆ ಆರೈಕೆ ಎಂದರೆ ಕೊಡುವುದು. ಏನಾದರೂ ಕೊಡದಿದ್ದರೆ ಮನಸ್ಸಿಗೆ ಸಮಾಧಾನವಿಲ್ಲ. ಆದರೆ ಗಿಡಕ್ಕೆ ವಾರದ ಲೆಕ್ಕ ಗೊತ್ತಿಲ್ಲ. ಪುಣೆಗೆ ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಏಪ್ರಿಲ್‌ನಲ್ಲಿ ಎರಡೇ ದಿನಕ್ಕೆ ಒಣಗುವ ಕುಂಡದ ಮಣ್ಣು ಜುಲೈನಲ್ಲಿ ಹದಿನೈದು ದಿನವಾದರೂ ಆರುವುದಿಲ್ಲ.

ಈ ಗಿಡಗಳ ಬದುಕೇ ಮಿತವ್ಯಯದ್ದು. ಅನೇಕವು ಹಗಲಿನಲ್ಲಿ ಎಲೆಯ ರಂಧ್ರ ಮುಚ್ಚಿ ತೇವ ಉಳಿಸಿಕೊಳ್ಳುತ್ತವೆ. ರಾತ್ರಿ ತೆರೆದು, ಒಳಗೆಳೆದ ಇಂಗಾಲದ ಡೈಆಕ್ಸೈಡನ್ನು ಆಮ್ಲವಾಗಿ ಕೂಡಿಡುತ್ತವೆ. ಒಂದು ಕಾಲಕ್ಕೆ ನಮ್ಮ ಲಾಲ್‌ಬಾಗಿನ ಹೊಣೆ ಹೊತ್ತಿದ್ದ ಬೆಂಜಮಿನ್ ಹೇಯ್ನ್ 1813ರ ಪತ್ರವೊಂದರಲ್ಲಿ ಕಾಡುಬಸಳೆಯ ಎಲೆ ಬೆಳಿಗ್ಗೆ ಹುಳಿ, ಮಧ್ಯಾಹ್ನ ಸಪ್ಪೆ ಎಂದು ಬರೆದ. ಆ ಹುಳಿ ಗಿಡದ ರಾತ್ರಿಯ ದುಡಿಮೆ. ಅದನ್ನು ತಿಳಿಯಲು ಒಂದೇ ಎಲೆಯ ರುಚಿಯನ್ನು ಹೊತ್ತುಹೊತ್ತಿಗೆ ನೋಡುವ ತಾಳ್ಮೆ ಬೇಕಾಯಿತು.

ಹಾಗಾದರೆ ಮರೆತುಬಿಟ್ಟರಾಯಿತಲ್ಲ ಎನ್ನಬಹುದು. ಬಾಗಿಲ ಮೇಲೆ ತಲೆಕೆಳಗಾಗಿ ಕಟ್ಟಿದ ಲೋಳೆಸರ ಮಣ್ಣು ನೀರಿಲ್ಲದೆ ತಿಂಗಳುಗಟ್ಟಲೆ ಹಸಿರಾಗಿರುವುದನ್ನು ನೋಡಿ ಬೆಳೆದವರಿಗೆ ಈ ವಾದ ಸಹಜವೇ. ನಾನು ಒಪ್ಪಲಾರೆ. ಮರೆತವರಿಗೆ ಕೆಳಗಿನ ಎಲೆ ಸುಕ್ಕುಗಟ್ಟಿದ್ದು ಕಾಣುವುದಿಲ್ಲ, ಬೆಳಕಿಗಾಗಿ ಕಾಂಡ ಕತ್ತು ಚಾಚಿದ್ದು ಕಾಣುವುದಿಲ್ಲ, ಎಲೆಸಂದಿಯಲ್ಲಿ ಹತ್ತಿಯಂತೆ ಕೂತ ಹಿಟ್ಟುತಿಗಣೆಯೂ ಕಾಣುವುದಿಲ್ಲ. ಕೈ ತಡೆದವರು ದಿನವೂ ನೋಡುತ್ತಾರೆ, ಮಣ್ಣಿಗೆ ಬೆರಳಿಟ್ಟು ನೋಡಿ ಸುಮ್ಮನಾಗುತ್ತಾರೆ. ಎರಡೂ ಕುಂಡಗಳಿಗೆ ನೀರು ಬಿದ್ದಿಲ್ಲ, ನಿಜ. ಆರೈಕೆ ಇರುವುದು ಒಂದಕ್ಕೆ ಮಾತ್ರ.

ಪುಣೆಯವರು ಇದನ್ನು ಕಲಿಯಲು ಎಚೆವೇರಿಯಾದಂಥ ಮೆಕ್ಸಿಕೋದ ಗಿಡವೇ ಬೇಕಿಲ್ಲ. ಇದೇ ಜಿಲ್ಲೆಯ ಜುನ್ನರ್ ಬಳಿ, ಶಿವನೇರಿಯಂಥ ಕೋಟೆಬೆಟ್ಟಗಳ ಕಡಿದಾದ ಬಂಡೆಬಿರುಕುಗಳಲ್ಲಿ ಫ್ರೇರಿಯಾ ಇಂಡಿಕಾ ಇದೆ. ಮರಾಠಿಯಲ್ಲಿ ಶಿಂದಳ ಮಾಕುಡಿ. 1860ರ ದಶಕದಲ್ಲಿ ಸಸ್ಯವಿಜ್ಞಾನಿ ಡಾಲ್ಜೆಲ್ ಇದಕ್ಕೆ ಮುಂಬೈ ಗವರ್ನರ್ ಬಾರ್ಟ್ಲ್ ಫ್ರೇರ್‌ನ ಹೆಸರಿಟ್ಟ. ಮಳೆಗಾಲದಲ್ಲಿ ದಪ್ಪ ಎಲೆ ತಳೆದು, ಹಳದಿ ಚುಕ್ಕೆಯ ಕಡುಗೆಂಪು ನಕ್ಷತ್ರದಂಥ ಹೂ ಬಿಡುತ್ತದೆ. ಬೇಸಿಗೆಯಲ್ಲಿ ಎಲೆಯನ್ನೆಲ್ಲ ಉದುರಿಸಿ ಬೋಳು ಕಡ್ಡಿಯಾಗುತ್ತದೆ. ಕುಂಡದಲ್ಲಿದ್ದರೆ ನಾವು ಆಗಲೇ ಗಾಬರಿಯಾಗಿ ನೀರು ಸುರಿಯುತ್ತೇವೆ.

ಈ ಗಿಡ ಅಳಿವಿನಂಚಿನಲ್ಲಿದೆ. ಆದರೆ ಕುಂಡದಲ್ಲಿ ಕಡ್ಡಿ ನೆಟ್ಟರೆ ಸುಲಭವಾಗಿ ಬೇರು ಬಿಡುತ್ತದೆ. ಮನೆಯಲ್ಲಿ ಬೆಳೆಸುವ ಆಸೆಯಿದ್ದರೆ ಈಗಾಗಲೇ ಕುಂಡದಲ್ಲಿ ಬೆಳೆದ ಗಿಡದ ಕಡ್ಡಿ ಕೇಳಿ ತನ್ನಿ. ಬೆಟ್ಟದ ಬಂಡೆಯಿಂದ ಕಿತ್ತು ತಂದದ್ದನ್ನು ದಯವಿಟ್ಟು ಕೊಳ್ಳಬೇಡಿ.