ಪರದೇಶದಲ್ಲಿ ಕಾಯಿಲೆ ಬಿದ್ದವನ ಖರ್ಚು ಯಾರದು?

ನಮ್ಮ ಕರಾವಳಿಯ ತಾಲ್ಲೂಕುಗಳಿಂದ ಕೊಲ್ಲಿ ರಾಷ್ಟ್ರಗಳಿಗೆ ದುಡಿಯಲು ಹೋದವರ ವಿಷಯವಾಗಿ ಮಾತು ಬಂದಾಗಲೆಲ್ಲ ನಾವು ಎರಡೇ ಸಂಗತಿಗಳನ್ನು ವಿಚಾರಿಸುತ್ತೇವೆ: ಸಂಬಳವೆಷ್ಟು, ರಜೆ ಯಾವಾಗ. ಅಲ್ಲಿ ಕಾಯಿಲೆ ಬಿದ್ದರೆ ಗತಿಯೇನು ಎಂದು ಕೇಳುವುದು ಅಪಶಕುನವೆಂಬುದು ಹಿರಿಯರ ಭಾವನೆ. ಆದರೆ ಈ ಅಪಶಕುನದ ಪ್ರಶ್ನೆಯನ್ನು ಯಾರಾದರೂ ಕೇಳಲೇಬೇಕಾಗಿದೆ. ನಮ್ಮ ಕಾಲೇಜಿನಲ್ಲಿ ಅಣ್ಣನೋ, ಭಾವನೋ, ಚಿಕ್ಕಪ್ಪನೋ ಅಲ್ಲಿರುವ ಮನೆಗಳಿಂದ ಬಂದವರು ಹಲವರಿದ್ದೇವೆ. ನಮ್ಮ ಶುಲ್ಕ ಬಹುಮಟ್ಟಿಗೆ ಅವರ ಬೆವರಿನಿಂದಲೇ ಬಂದುದು. ಆದುದರಿಂದ ಈ ವಿಚಾರವನ್ನು ಕಾಲೇಜಿನ ಪತ್ರಿಕೆಯಲ್ಲಿ ಎತ್ತುವುದು ಅಪ್ರಸ್ತುತವಾಗದೆಂದು ಭಾವಿಸುತ್ತೇನೆ.

ಮೊದಲು ಅಲ್ಲಿಯ ಕಾಯಿದೆಯನ್ನು ನೋಡೋಣ. ಎಲ್ಲ ಕೊಲ್ಲಿ ನಾಡುಗಳೂ ಒಂದೇ ಎಂದು ನಮ್ಮವರು ತಿಳಿದಿರುವುದುಂಟು. ಒಂದೇ ದೇಶದೊಳಗೂ ಹಾಗಿಲ್ಲ. ಸಂಯುಕ್ತ ಅರಬ್ ಸಂಸ್ಥಾನಗಳ ಪೈಕಿ ಅಬುಧಾಬಿಯು 2005ರ ಕಾಯಿದೆಯಿಂದ ಆರೋಗ್ಯ ವಿಮೆಯನ್ನು ಕಡ್ಡಾಯ ಮಾಡಿತು. ದುಬೈಯು 2013ರಲ್ಲಿ ಕಾಯಿದೆ ಮಾಡಿ ಹಂತ ಹಂತವಾಗಿ ಜಾರಿಗೆ ತಂದಿತು. ಶಾರ್ಜಾ, ಅಜ್ಮಾನ್, ರಾಸ್ ಅಲ್ ಖೈಮಾ ಮೊದಲಾದ ಉತ್ತರದ ಸಂಸ್ಥಾನಗಳಲ್ಲಿ ಖಾಸಗಿ ಕೆಲಸಗಾರರಿಗೆ ವಿಮೆ ಕಡ್ಡಾಯವಾದುದು 2025ರ ಜನವರಿ 1ರಿಂದ ಮಾತ್ರ. ಅಬುಧಾಬಿಯ ಕೂಲಿಗೂ ಶಾರ್ಜಾದ ಕೂಲಿಗೂ ನಡುವೆ ಸುಮಾರು ಇಪ್ಪತ್ತು ವರ್ಷಗಳ ಅಂತರ! ಒಂದೇ ಊರಿನಿಂದ ಒಂದೇ ವಿಮಾನದಲ್ಲಿ ಹೋದ ಇಬ್ಬರಲ್ಲಿ ಒಬ್ಬನಿಗೆ ಚಿಕಿತ್ಸೆ ಹಕ್ಕಾಯಿತು, ಇನ್ನೊಬ್ಬನಿಗೆ ಧಣಿಯ ದಾಕ್ಷಿಣ್ಯವಾಯಿತು.

ನನ್ನ ಮಾವನವರು ಈ ಎರಡನೆಯ ಗುಂಪಿಗೆ ಸೇರಿದವರು. ಶಾರ್ಜಾದ ಒಂದು ಹೋಟೆಲಿನಲ್ಲಿ ಬಹುಕಾಲ ದುಡಿದವರು. ಹಲ್ಲುನೋವು ಬಂದರೆ ಲವಂಗ ಕಚ್ಚಿಕೊಂಡು ರಜೆಗಾಗಿ ಕಾಯುತ್ತಿದ್ದರು. ಊರಿಗೆ ಬಂದ ಮೊದಲ ವಾರವೆಲ್ಲ ಅವರಿಗೆ ದಂತವೈದ್ಯರ ಬಾಗಿಲಿನಲ್ಲಿಯೇ ಕಳೆಯುತ್ತಿತ್ತು. ಸಕ್ಕರೆ ಕಾಯಿಲೆಯ ಗುಳಿಗೆಯನ್ನು ಊರಿಗೆ ಬಂದು ಹೋಗುವವರ ಪೆಟ್ಟಿಗೆಯಲ್ಲಿ ತರಿಸಿಕೊಳ್ಳುತ್ತಿದ್ದರು. ಕಳೆದ ವರ್ಷ ವೀಸಾ ನವೀಕರಣದೊಡನೆ ಅವರಿಗೂ ಒಂದು ವಿಮೆಯ ಚೀಟಿ ದೊರೆಯಿತು. ಅದರ ಚಿತ್ರವನ್ನು ಫೋನಿನಲ್ಲಿ ನನಗೆ ಕಳುಹಿಸಿ, "ಎಂತ ಬರೆದಿದ್ದಾರೆ, ಓದಿ ಹೇಳು ಮಗಾ" ಎಂದರು. ನಮ್ಮ ಕುಟುಂಬದಲ್ಲಿ ಇಂಗ್ಲಿಷಿನ ಕಾಗದವನ್ನು ಕೊನೆಯವರೆಗೆ ಓದಬಲ್ಲವರು ಸದ್ಯಕ್ಕೆ ನಾನೊಬ್ಬನೇ. ಈ ಲೇಖನದ ಬಹುಭಾಗ ಆ ಕಾಗದವನ್ನು ಓದಿದ್ದರ ಫಲ.

ಆ ಮೂಲ ವಿಮೆಯ ಕಂತು ವರ್ಷಕ್ಕೆ 320 ದಿರ್ಹಮ್. ಆಸ್ಪತ್ರೆಯಲ್ಲಿ ಮಲಗಿ ಚಿಕಿತ್ಸೆ ಪಡೆದರೆ ಖರ್ಚಿನ ನೂರಕ್ಕೆ 20 ಪಾಲನ್ನು ರೋಗಿ ಕೊಡಬೇಕು, ಆದರೆ ಒಂದು ಸಲಕ್ಕೆ 500 ದಿರ್ಹಮಿಗಿಂತ ಹೆಚ್ಚಲ್ಲ, ವರ್ಷಕ್ಕೆ 1000ಕ್ಕಿಂತ ಹೆಚ್ಚಲ್ಲ. ಬಂದು ತೋರಿಸಿಕೊಂಡು ಹೋಗುವುದಕ್ಕೆ ನೂರಕ್ಕೆ 25, ಔಷಧಿಗೆ ನೂರಕ್ಕೆ 30. ಹಳೆಯ ಕಾಯಿಲೆ ಇದ್ದವರು ಕಾಯಬೇಕೆಂಬ ನಿಯಮವೂ ಇಲ್ಲ. ಇದನ್ನು ಓದಿ ಹೇಳಿದಾಗ ಮಾವ ಬಹಳ ಹೊತ್ತು ಸುಮ್ಮನಿದ್ದರು. ಅನಂತರ, ಈ ಚೀಟಿ ಹತ್ತು ವರ್ಷದ ಹಿಂದೆ ಬರಬಾರದಿತ್ತೇ ಎಂದರು. ಇದು ಒಳ್ಳೆಯ ಕಾಯಿದೆ. ಒಳ್ಳೆಯದನ್ನು ಒಳ್ಳೆಯದೆಂದು ಹೇಳುವುದಕ್ಕೆ ಸಂಕೋಚವೇಕೆ? ನನ್ನ ಆಕ್ಷೇಪ ಇರುವುದು ಬೇರೆ ಕಡೆ.

ಕೊಲ್ಲಿಗೆ ಹೋಗುವವನನ್ನು ಹೊರಡುವ ಮೊದಲೇ ವೈದ್ಯರು ಪರೀಕ್ಷಿಸುತ್ತಾರೆ. ಎದೆಯ ಎಕ್ಸ್‌ರೇ, ರಕ್ತ, ಕ್ಷಯ, ಕಾಮಾಲೆ ಎಲ್ಲವನ್ನೂ ನೋಡಿ, ಯೋಗ್ಯನೆಂದು ಬರೆದವನಿಗೆ ಮಾತ್ರ ವೀಸಾ. ವಿಮೆಯ ವ್ಯಾಪಾರದ ದೊಡ್ಡ ಭಯವೆಂದರೆ ರೋಗಿಗಳೇ ಹೆಚ್ಚಾಗಿ ವಿಮೆ ಮಾಡಿಸಿಕೊಳ್ಳುವರೆಂಬುದು, ಎಂದು ಅರ್ಥಶಾಸ್ತ್ರದ ತರಗತಿಯಲ್ಲಿ ಕಲಿತಿದ್ದೇವೆ. ಕೊಲ್ಲಿಯಲ್ಲಿ ಆ ಭಯಕ್ಕೆ ಎಡೆ ಬಹಳ ಕಡಿಮೆ. ಜರಡಿ ಹಿಡಿದು ಗಟ್ಟಿ ಕಾಳನ್ನೇ ತೆಗೆದುಕೊಂಡಿದ್ದಾರೆ. ಇಪ್ಪತ್ತೆರಡರ ಗಟ್ಟಿಮುಟ್ಟಾದ ಹುಡುಗ ಹೋಗುತ್ತಾನೆ. ಬಿಸಿಲಿನಲ್ಲಿ, ಅಡಿಗೆಮನೆಯ ಬೆಂಕಿಯ ಮುಂದೆ, ಕ್ಯಾಂಪಿನ ಮಂಚದಲ್ಲಿ ಆಯುಷ್ಯದ ಒಳ್ಳೆಯ ಭಾಗವನ್ನು ಸವೆಸುತ್ತಾನೆ. ಐವತ್ತೈದಕ್ಕೋ ಅರವತ್ತಕ್ಕೋ ಸಕ್ಕರೆ, ರಕ್ತದೊತ್ತಡ, ಸೊಂಟನೋವುಗಳೊಡನೆ ಮರಳುತ್ತಾನೆ. ವೀಸಾ ರದ್ದಾದ ಮೇಲೆ ಅಲ್ಲಿಯ ವಿಮೆಯೂ ಇಲ್ಲ. ಅಷ್ಟು ವರ್ಷ ಕಂತು ಕಟ್ಟಿದ್ದಕ್ಕೆ ಇಲ್ಲಿ ಕಾಸಿನ ಲೆಕ್ಕವೂ ಸಿಗುವುದಿಲ್ಲ. ಆರೋಗ್ಯದ ಕಾಲ ಅವರಿಗೆ, ಅನಾರೋಗ್ಯದ ಕಾಲ ನಮಗೆ.

ಹೀಗೆ ಮರಳಿದವನು ಇಲ್ಲಿ ಹೊಸದಾಗಿ ವಿಮೆ ಮಾಡಿಸಲು ಹೋದರೆ ಮೊದಲೇ ಇರುವ ಕಾಯಿಲೆಗಳಿಗೆ ಕಾಯುವ ಅವಧಿಯಿದೆ. ಅದು ಹೆಚ್ಚೆಂದರೆ 48 ತಿಂಗಳಿದ್ದುದನ್ನು ವಿಮಾ ಪ್ರಾಧಿಕಾರವು 2024ರಲ್ಲಿ 36 ತಿಂಗಳಿಗೆ ಇಳಿಸಿತು. ಆದರೂ ಮೂರು ವರ್ಷ! ಸರಕಾರದ ಯೋಜನೆಗಳ ಕಡೆ ತಿರುಗಿದರೆ, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆಯುಂಟು, ಎ.ಪಿ.ಎಲ್. ಕುಟುಂಬಕ್ಕೆ ಖರ್ಚಿನ ಒಂದಂಶ ಮಾತ್ರ. ಗಲ್ಫಿನ ಹಣದಿಂದ ಹಂಚಿನ ಮನೆ ತಾರಸಿಯಾಯಿತೆಂದರೆ ಬಿ.ಪಿ.ಎಲ್. ಚೀಟಿ ಹೋಗುವುದುಂಟು. ತಾರಸಿ ಮನೆಯನ್ನು ಒತ್ತೆಯಿಟ್ಟು ಆಸ್ಪತ್ರೆಯ ಬಿಲ್ಲು ಕಟ್ಟಿದವರನ್ನು ನಾನು ನಮ್ಮ ಬೀದಿಯಲ್ಲೇ ಬಲ್ಲೆ. ಎಪ್ಪತ್ತು ದಾಟಿದವರಿಗೆ ಆದಾಯದ ಭೇದವಿಲ್ಲದೆ 5 ಲಕ್ಷದ ರಕ್ಷಣೆಯನ್ನು ಕೇಂದ್ರ ಸರಕಾರ 2024ರಲ್ಲಿ ಘೋಷಿಸಿತು. ಸಂತೋಷ. ಅರವತ್ತಕ್ಕೆ ಬಂದವನು ನಡುವಿನ ಹತ್ತು ವರ್ಷ ಕಾಯಿಲೆ ಬೀಳದೆ ಇದ್ದರಾಯಿತು!

ಇನ್ನು ನಮ್ಮ ದೇಶದ್ದೇ ಒಂದು ಏರ್ಪಾಡಿದೆ. ಅದರ ಹೆಸರನ್ನು ನನ್ನ ಸಹಪಾಠಿಗಳಲ್ಲಿ ಕೇಳಿದವರು ಕಡಿಮೆ. ಪ್ರವಾಸಿ ಭಾರತೀಯ ಬೀಮಾ ಯೋಜನೆಯೆಂಬ ಇದು 2003ರಲ್ಲಿ ಆರಂಭವಾಗಿ, 2017ರಲ್ಲಿ ಮತ್ತೆ ತಿದ್ದುಪಡಿಯಾಯಿತು. ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375 ರೂಪಾಯಿ ಕಂತು, ಮೇಲೆ ತೆರಿಗೆ. ಅಪಘಾತದಲ್ಲಿ ಸತ್ತರೆ ಅಥವಾ ಶಾಶ್ವತವಾಗಿ ಅಂಗವಿಕಲನಾದರೆ 10 ಲಕ್ಷ. ಆಸ್ಪತ್ರೆಯ ಖರ್ಚಿಗೆ 1 ಲಕ್ಷದವರೆಗೆ. ಕೆಲಸ ಮಾಡಲಾಗದೆ ಮರಳಬೇಕಾದರೆ ವಿಮಾನದ ದರ. ಒಂದು ಲಕ್ಷವು ಅಲ್ಲಿಯ ಆಸ್ಪತ್ರೆಗೆ ಹೆಚ್ಚಿನ ಮೊತ್ತವೇನಲ್ಲ, ನಿಜ. ಆದರೆ ಶವವು ಊರು ಸೇರಿದ ಮೇಲೆ ಮನೆಯಲ್ಲಿ ಉಳಿದವರಿಗೆ ಹತ್ತು ಲಕ್ಷವೆಂಬುದು ಸಣ್ಣ ಮಾತಲ್ಲ.

ಇದು ಕಡ್ಡಾಯ ಯಾರಿಗೆ? ವಲಸೆ ಪರವಾನಗಿ ಪಡೆದು ಹೋಗುವವರಿಗೆ; ಎಂದರೆ ಮುಖ್ಯವಾಗಿ ಹತ್ತನೆಯ ತರಗತಿ ಪಾಸಾಗದೆ, ಗೊತ್ತುಪಡಿಸಿದ 18 ದೇಶಗಳಿಗೆ ಕೆಲಸಕ್ಕೆ ಹೊರಡುವವರಿಗೆ. ಹತ್ತನೆಯದು ಪಾಸಾದವನ ಪಾಸ್‌ಪೋರ್ಟಿಗೆ ಆ ಮುದ್ರೆಯಿಲ್ಲ, ಪರವಾನಗಿ ಬೇಕಿಲ್ಲ, ಆದುದರಿಂದ ವಿಮೆಯ ಕಡ್ಡಾಯವೂ ಇಲ್ಲ. ನರ್ಸುಗಳಂಥ ಕೆಲವರ ಮಾತು ಬೇರೆ. ಓದು ಬಲ್ಲವನು ತನ್ನ ಹಿತವನ್ನು ತಾನೇ ನೋಡಿಕೊಳ್ಳುವನೆಂಬುದು ಈ ನಿಯಮದ ಹಿಂದಿನ ವಿಚಾರ. 1983ರಲ್ಲಿ ವಲಸೆಯ ಕಾಯಿದೆ ಆದಾಗ ಹತ್ತನೆಯ ತರಗತಿಯೆಂದರೆ ನಮ್ಮಂಥ ಮನೆಗಳಲ್ಲಿ ದೊಡ್ಡ ವಿದ್ಯೆಯೇ ಆಗಿದ್ದೀತು. ಇಂದು ಹಾಗೆ ಹೇಳುವವರು ಯಾರು? ಪಾಸಾದ ಹುಡುಗನೂ ನಪಾಸಾದ ಹುಡುಗನೂ ಒಂದೇ ಸಾರವೆಯನ್ನು ಏರುತ್ತಾರೆ. ಸಾರವೆ ಕುಸಿದರೆ ಅಂಕಪಟ್ಟಿ ನೋಡಿ ಕುಸಿಯುವುದಿಲ್ಲ. ಮೂರು ವರ್ಷ ಕಷ್ಟಪಟ್ಟು ಎಸ್.ಎಸ್.ಎಲ್.ಸಿ. ದಾಟಿದ್ದಕ್ಕೆ ಸರಕಾರ ಕೊಟ್ಟ ಬಹುಮಾನವೆಂದರೆ 375 ರೂಪಾಯಿನ ರಕ್ಷಣೆಯನ್ನು ತಪ್ಪಿಸಿದ್ದು! ನಮ್ಮ ಒಂದು ಸೆಮಿಸ್ಟರಿನ ಪರೀಕ್ಷಾ ಶುಲ್ಕವೂ ಅದಕ್ಕಿಂತ ಹೆಚ್ಚು.

ವಿದ್ಯಾವಂತರನ್ನು ಮಕ್ಕಳಂತೆ ಕೈಹಿಡಿದು ನಡೆಸಬೇಕೇ ಎಂದು ಕೆಲವರು ಕೇಳಬಹುದು. ವಿದ್ಯಾವಂತರ ಸ್ಥಿತಿಯನ್ನೂ ಕೊಂಚ ನೋಡೋಣ. ಬೆಂಗಳೂರಿನಿಂದ ಕಂಪ್ಯೂಟರನ್ನು ಹೊತ್ತು, ಯಾವ ದೇಶದಲ್ಲಾದರೂ ಕುಳಿತು ಕೆಲಸಮಾಡುವವರು ಈಗ ಬೇಕಾದಷ್ಟು ಮಂದಿ. ಅವರಲ್ಲಿ ಪ್ರವಾಸಿ ವಿಮೆಯೊಂದನ್ನು ಕೊಂಡು ತಿಂಗಳುಗಟ್ಟಲೆ ನೆಲೆಸುವವರುಂಟು. ಪ್ರವಾಸಿ ವಿಮೆಯು ಹಠಾತ್ ಆಪತ್ತಿಗೆ ಮಾತ್ರ. ನಿತ್ಯದ ಔಷಧಿಗೂ, ಹಳೆಯ ಕಾಯಿಲೆಗೂ, ಹೆರಿಗೆಗೂ ಸಾಮಾನ್ಯವಾಗಿ ಅದು ಒದಗದು. ಯುರೋಪಿನ ಷೆಂಗೆನ್ ವೀಸಾಕ್ಕೆ 30,000 ಯೂರೋಗಳ ವಿಮೆ ಬೇಕೆಂದರೆ ಅಷ್ಟಕ್ಕೇ, ಅತಿ ಅಗ್ಗವಾದುದನ್ನು ಹುಡುಕಿ ಕೊಳ್ಳುತ್ತಾರೆ. ಬ್ರಿಟನ್ನಿನವರು ಈ ಹುಡುಕಾಟಕ್ಕೆ ಅವಕಾಶವನ್ನೇ ಕೊಡದೆ, ವೀಸಾದೊಡನೆಯೇ ಆರೋಗ್ಯದ ಶುಲ್ಕವನ್ನು ಕಟ್ಟಿಸಿಕೊಳ್ಳುತ್ತಾರೆ. 2024ರ ಫೆಬ್ರವರಿಯಿಂದ ಅದು ವಯಸ್ಕರಿಗೆ ವರ್ಷಕ್ಕೆ 1,035 ಪೌಂಡು. ಹೊರೆಯೇ ಸರಿ, ಆದರೆ ಕಟ್ಟಿದವನಿಗೆ ಅಲ್ಲಿಯವರಂತೆಯೇ ಆಸ್ಪತ್ರೆಯ ಬಾಗಿಲು ತೆರೆಯುತ್ತದೆ. ಕಡ್ಡಾಯವೆಂಬುದು ಯಾವಾಗಲೂ ಅವಮಾನವಲ್ಲವೆಂದು ತೋರಿಸಲು ಇಷ್ಟು ಹೇಳಿದೆ.

ನೆರೆಯ ಕೇರಳ 1996ರಲ್ಲಿಯೇ ಅನಿವಾಸಿಗಳಿಗಾಗಿ ನೋರ್ಕಾ ಎಂಬ ಪ್ರತ್ಯೇಕ ಇಲಾಖೆಯನ್ನು ತೆರೆಯಿತು. 2025ರಲ್ಲಿ ನೋರ್ಕಾ ಕೇರ್ ಎಂಬ ವಿಮೆಯನ್ನು ಆರಂಭಿಸಿ, ಹೊರಗೆ ದುಡಿಯುವ ಮಲಯಾಳಿಗಳಿಗೆ 5 ಲಕ್ಷದ ಚಿಕಿತ್ಸಾ ರಕ್ಷಣೆಯನ್ನೂ 10 ಲಕ್ಷದ ಅಪಘಾತ ರಕ್ಷಣೆಯನ್ನೂ ಏರ್ಪಡಿಸಿತು. ಕಂತನ್ನು ಅವರೇ ಕಟ್ಟಬೇಕು. ಸರಕಾರ ಮಾಡಿದ್ದು ಎಲ್ಲರನ್ನೂ ಒಟ್ಟು ಸೇರಿಸಿ ಕರಾರು ಮಾಡಿಕೊಂಡದ್ದು. ಗುಂಪು ದೊಡ್ಡದಾದಷ್ಟೂ ಕಂತು ತಗ್ಗುತ್ತದೆ. ಮಂಗಳೂರು, ಉಡುಪಿ, ಭಟ್ಕಳಗಳ ಜನರನ್ನು ಹೀಗೆ ಒಟ್ಟು ಸೇರಿಸುವುದಕ್ಕೆ ನಮ್ಮ ರಾಜ್ಯಕ್ಕೆ ಏನು ಅಡ್ಡಿ? ಹಣದ ಅಡ್ಡಿಯಂತೂ ಅಲ್ಲ.

ಸರಕಾರಗಳು ಎಚ್ಚರಗೊಳ್ಳುವವರೆಗೆ ಮನೆಯಲ್ಲಿರುವ ನಾವು ಮಾಡಬಹುದಾದ ಕೆಲಸವೊಂದಿದೆ. ದೂರದಲ್ಲಿರುವವರು ಆರೋಗ್ಯವಾಗಿ ದುಡಿಯುತ್ತಿರುವಾಗಲೇ ಅವರ ಹೆಸರಿನಲ್ಲಿ ಊರಿನಲ್ಲೊಂದು ಸಣ್ಣ ವಿಮೆ ಮಾಡಿಸಿಡುವುದು. ಅನಿವಾಸಿಗಳೂ ಇಲ್ಲಿ ವಿಮೆ ಕೊಳ್ಳಬಹುದು. ಕಾಯಬೇಕಾದ ಆ 36 ತಿಂಗಳು ಅವರು ಅಲ್ಲಿರುವಾಗಲೇ ಕಳೆದುಹೋಗುತ್ತದೆ. ವೈಯಕ್ತಿಕ ಆರೋಗ್ಯ ವಿಮೆಯ ಕಂತಿನ ಮೇಲಿದ್ದ ನೂರಕ್ಕೆ 18ರ ತೆರಿಗೆಯನ್ನು 2025ರ ಸೆಪ್ಟೆಂಬರ್ 22ರಿಂದ ತೆಗೆದುಹಾಕಿದ್ದಾರೆ. ಇರುವ ಕಾಯಿಲೆಯನ್ನು ಮಾತ್ರ ಅರ್ಜಿಯಲ್ಲಿ ಮರೆಮಾಚಬಾರದು. ಏಜೆಂಟನು "ಬೇಡ ಬಿಡಿ, ಸಕ್ಕರೆ ಇದೆ ಅಂತ ಬರೆಯುವುದು ಬೇಡ" ಎಂದರೂ ಬರೆಯಲೇಬೇಕು; ಬಿಲ್ಲು ಬಂದ ದಿನ ಆ ಏಜೆಂಟನ ಫೋನು ಎತ್ತುವವರಿರುವುದಿಲ್ಲ.

ನನ್ನ ಅಣ್ಣನಿಗೂ ಈಗ ಸೌದಿಯ ದಮ್ಮಾಮಿನಿಂದ ಕರೆ ಬಂದಿದೆ. ಅವನು ಹತ್ತನೆಯದು ಪಾಸಾದವನು, ಪಾಸ್‌ಪೋರ್ಟಿನಲ್ಲಿ ಮುದ್ರೆಯಿಲ್ಲ. ಕೆಲಸದ ಕಾಗದದಲ್ಲಿ ವೈದ್ಯಕೀಯ ಸೌಲಭ್ಯವುಂಟು ಎಂಬ ಎರಡು ಪದಗಳಲ್ಲದೆ ಮತ್ತೇನೂ ಇಲ್ಲ. ಅಲ್ಲಿಯ ಕಾಯಿದೆಯಂತೆ ಖಾಸಗಿ ಸಂಸ್ಥೆಯ ಕೆಲಸಗಾರನ ವಿಮೆಯನ್ನು ಧಣಿಯೇ ಮಾಡಿಸಬೇಕು. ಯಾವ ಕಂಪೆನಿಯ ವಿಮೆ, ಎಷ್ಟರವರೆಗೆ, ಯಾವ ಆಸ್ಪತ್ರೆ, ನಡುವೆ ಕೆಲಸ ಬಿಟ್ಟರೆ ಎಂದಿನವರೆಗೆ ನಡೆಯುವುದು ಎಂದು ನಾಲ್ಕು ಪ್ರಶ್ನೆಗಳನ್ನು ಬರೆದು ಅಣ್ಣನ ಹೆಸರಿನಲ್ಲಿ ಕಳುಹಿಸಿದ್ದೇನೆ. ಹೀಗೆಲ್ಲ ಕೇಳಿದರೆ ವೀಸಾ ತಪ್ಪೀತೆಂದು ಅಮ್ಮ ಬೈದರು. ಉತ್ತರ ಇನ್ನೂ ಬಂದಿಲ್ಲ; ಟಿಕೆಟನ್ನು ನಾವೂ ಇನ್ನೂ ತೆಗೆದಿಲ್ಲ.