ಕಡಲಲ್ಲಿ ಮಡಿದವರ ಹೆಸರೆಲ್ಲಿ?

ಮಂಡ್ಯ ಜಿಲ್ಲೆಯು ರೂಪುಗೊಂಡದ್ದು 1939ರ ಜುಲೈ 1ರಂದು. ಎರಡು ತಿಂಗಳು ಕಳೆಯುವಷ್ಟರಲ್ಲಿ ಯೂರೋಪಿನಲ್ಲಿ ಎರಡನೆಯ ಮಹಾಯುದ್ಧವು ಹೊತ್ತಿಕೊಂಡಿತು. ವಿಶ್ವೇಶ್ವರಯ್ಯ ನಾಲೆಯೇ ಸಮುದ್ರವೆನಿಸಿದ ನಮ್ಮವರಿಗೆ ಕಡಲ ಕಾಳಗವು ದೂರದ ಸುದ್ದಿಯಾಗಿತ್ತು. ಆದರೆ 1942ರಲ್ಲಿ ಬರ್ಮಾ ದೇಶವು ಜಪಾನೀಯರ ವಶವಾಗಿ ಅಲ್ಲಿಯ ಅಕ್ಕಿಯು ನಿಂತುಹೋದಾಗ, ಹಡಗಿಗೂ ಊಟದೆಲೆಗೂ ಇರುವ ನಂಟು ಒಳನಾಡಿಗೂ ತಿಳಿಯಿತು.

ಆ ಹಡಗುಗಳನ್ನು ನಡೆಯಿಸಿದವರಾರು? ಉರಿಯುವ ಒಲೆಗೆ ಕಲ್ಲಿದ್ದಲು ತುಂಬಿದವರು, ಹಗ್ಗ ಸೆಳೆದವರು, ಅಡಿಗೆ ಬೇಯಿಸಿದವರು ಯಾರು? ಬ್ರಿಟಿಷ್ ವರ್ತಕ ಹಡಗುಗಳ ನಾವಿಕರಲ್ಲಿ ಸುಮಾರು ಕಾಲುಭಾಗದಷ್ಟು ಮಂದಿ ಭಾರತೀಯ ಖಲಾಸಿಗಳೇ ಆಗಿದ್ದರು. ಅವರ ಕೂಲಿಯಾದರೋ ಬಿಳಿಯ ನಾವಿಕನ ಕೂಲಿಯ ಒಂದಂಶ ಮಾತ್ರ. 1940ರ ಸೆಪ್ಟೆಂಬರ್ 17ರಂದು 'ಸಿಟಿ ಆಫ್ ಬೆನಾರಸ್' ಎಂಬ ಹಡಗನ್ನು ಜರ್ಮನರು ಮುಳುಗಿಸಿದರು. ಅದರಲ್ಲಿ ಸತ್ತ ಆಂಗ್ಲ ಬಾಲಕರಿಗಾಗಿ ಲೋಕವೇ ಕಣ್ಣೀರಿಟ್ಟಿತು. ಅದು ನ್ಯಾಯವೇ ಸರಿ. ಅದೇ ಹಡಗಿನಲ್ಲಿ ಸುಮಾರು ನೂರು ಮಂದಿ ಭಾರತೀಯ ಖಲಾಸಿಗಳೂ ಸತ್ತರೆಂಬುದನ್ನು ಎಷ್ಟು ಮಂದಿ ಬಲ್ಲರು?

ಲಂಡನ್ನಿನ ಟವರ್ ಹಿಲ್ ಸ್ಮಾರಕದಲ್ಲಿ ವರ್ತಕ ನಾವಿಕರ ಹೆಸರುಗಳನ್ನು ಕಂಚಿನಲ್ಲಿ ಕೆತ್ತಿಸಿದ್ದಾರೆ. ಎರಡನೆಯ ಯುದ್ಧದಲ್ಲಿ ಕಡಲನ್ನೇ ಗೋರಿಯಾಗಿ ಪಡೆದ ಆರು ಸಾವಿರಕ್ಕೂ ಮಿಕ್ಕ ಭಾರತೀಯ ನಾವಿಕರ ಹೆಸರುಗಳಿಗೆ ದೊರೆತದ್ದು ಪುಸ್ತಕದ ಹಾಳೆ. ಅದರ ಒಂದು ಪ್ರತಿ ಮುಂಬಯಿಯಲ್ಲಿ, ಇನ್ನೊಂದು ಚಿತ್ತಗಾಂಗಿನಲ್ಲಿ. ಪುಸ್ತಕವನ್ನು ತೆರೆದು ನೋಡುವವರು ಬೇಕಷ್ಟೆ!

ಸಾಮ್ರಾಜ್ಯದ ಯುದ್ಧದಲ್ಲಿ ಸತ್ತವರನ್ನು ದೇಶಾಭಿಮಾನಿಗಳಾದ ನಾವೇಕೆ ನೆನೆಯಬೇಕೆಂದು ಶಿವಪುರದ ಧ್ವಜ ಸತ್ಯಾಗ್ರಹದ ನೆಲದವರು ಕೇಳಬಹುದು. ಪ್ರಶ್ನೆಯು ಯೋಗ್ಯವಾದದ್ದೇ. ಆದರೆ ಖಲಾಸಿಯು ಹಡಗನ್ನೇರಿದ್ದು ಚಕ್ರವರ್ತಿಗಾಗಿ ಅಲ್ಲ, ಹೊಟ್ಟೆಗಾಗಿ. 1939ರಲ್ಲಿ ಯುದ್ಧವು ತೊಡಗಿದೊಡನೆ ಹೆಚ್ಚು ಕೂಲಿಗಾಗಿ ಮುಷ್ಕರ ಹೂಡಿ ಪರದೇಶದ ಬಂದರುಗಳಲ್ಲಿ ಸೆರೆಮನೆ ಕಂಡವರೂ ಇವರೇ. ಹೈಫಾದಲ್ಲಿ 1918ರಲ್ಲಿ ಕಾದಿದ ಮೈಸೂರು ಲ್ಯಾನ್ಸರ್ಸ್ ಸವಾರರ ನೆನಪಿಗೆ ದಿಲ್ಲಿಯ ತೀನ್‌ಮೂರ್ತಿಯಲ್ಲಿ ಪ್ರತಿಮೆಯುಂಟು. ಅದನ್ನು ನಾವು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತೇವೆ. ಕುದುರೆಯೇರಿದವನಿಗೆ ಸಲ್ಲುವ ಗೌರವವು ಕಲ್ಲಿದ್ದಲು ಹೊತ್ತವನಿಗೆ ಸಲ್ಲದೇಕೆ?

ನಾಡು ಒಡೆದಿದ್ದುದೂ ಈ ಮರೆವಿಗೆ ಒಂದು ಕಾರಣ. ಅಂದು ಕಾರವಾರ, ಹೊನ್ನಾವರ, ಭಟ್ಕಳಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದವು; ಮಂಗಳೂರು, ಕಾಸರಗೋಡುಗಳು ಮದರಾಸಿಗೆ. ಮೈಸೂರು ಸಂಸ್ಥಾನಕ್ಕೆ ಕಡಲೇ ಇರಲಿಲ್ಲ. ಭಟ್ಕಳದ ಬಂದರಿಗಾಗಿ ಅದು ಆಸೆಪಟ್ಟದ್ದಷ್ಟೇ ಬಂತು. ಕರಾವಳಿಯಿಂದ ಮುಂಬಯಿಗೆ ಹೋಗಿ ಹಡಗೇರಿದವನು ಲೆಕ್ಕದಲ್ಲಿ ಮುಂಬಯಿಯವನೇ ಆದನು. ಅವನನ್ನು ನಮ್ಮವನೆಂದು ಕೇಳಲು ಕನ್ನಡಕ್ಕೊಂದು ಸರಕಾರವಿರಲಿಲ್ಲ. 1956ರ ನವೆಂಬರ್ 1ರಂದು ಆ ಕೊರತೆಯು ನೀಗಿತು. ಕಾಸರಗೋಡೊಂದು ಕೇರಳದಲ್ಲಿ ಉಳಿಯಿತು. ಕರಾವಳಿಯು ನಮ್ಮದಾದ ಮೇಲೆ ಕರಾವಳಿಯ ಸತ್ತವರೂ ನಮ್ಮವರಲ್ಲವೇ? ಏಕೀಕರಣವೆಂದರೆ ಬರಿಯ ಗಡಿಯ ಗೆರೆಯೇ?

ಕರ್ನಾಟಕ ಸರಕಾರವು ಮುಂಬಯಿಯ ಪುಸ್ತಕವನ್ನು ಬಲ್ಲವರಿಂದ ಶೋಧಿಸಿ, ನಮ್ಮ ಕರಾವಳಿಯ ಹೆಸರುಗಳನ್ನು ಆರಿಸಿ, ಕಾಸರಗೋಡಿನವರನ್ನೂ ಬಿಡದೆ, ಕಾರವಾರದಲ್ಲಿಯೂ ಮಂಗಳೂರಿನಲ್ಲಿಯೂ ಕನ್ನಡ ಅಕ್ಷರಗಳಲ್ಲಿ ಕಲ್ಲಿಗೆ ಹಾಕಿಸಬೇಕು. ಏಪ್ರಿಲ್ 5 ರಾಷ್ಟ್ರೀಯ ಕಡಲ ದಿನ. ಶಾಲೆಗಳಿಗೆ ಆಗ ಪರೀಕ್ಷೆಯ ಗಡಿಬಿಡಿಯೆಂಬುದನ್ನು ಬಲ್ಲೆವು. ಆದರೂ ಮಂಡ್ಯದ ಉಪಾಧ್ಯಾಯರು ಅಂದು ಅರ್ಧ ಗಂಟೆ ಬಿಡುವು ಮಾಡಿಕೊಂಡು, ಕಡಲನ್ನೇ ಕಾಣದ ಮಕ್ಕಳಿಗೆ ಈ ಖಲಾಸಿಗಳ ಕಥೆಯನ್ನು ಹೇಳಲಿ.