ಕಾಲುವೆ ಅಗಲಿಸಿದರೆ ನೀರು ಹೆಚ್ಚುವುದೇ?



ಕಳೆದ ತಿಂಗಳು ನನ್ನ ಅಣ್ಣನ ಮಗ ಬೆಂಗಳೂರಿನಿಂದ ಯಾಪಲದಿನ್ನಿಗೆ ಬಂದಿದ್ದ. ಊಟ ಮುಗಿದು ಎಲೆ ಅಡಿಕೆಯ ತಟ್ಟೆ ಮುಂದೆ ಬಂದಾಗ ಮೆಲ್ಲನೆ ವಿಷಯ ತೆಗೆದ. "ಕಾಕಾ, ಅಜ್ಜನ ಅಂಬಾಸಡರ್ ರೆಡಿ ಮಾಡಸೋಣ. ಹಳೇ ಕಾರ್ಬೋರೇಟರ್ ತೆಗಿಸಿ ವೆಬರ್ ಹಾಕಸ್ತೀನಿ, ಹೊಸಾ ಅಲ್ಯೂಮಿನಿಯಂ ಮ್ಯಾನಿಫೋಲ್ಡ್ ಕೂಡಸ್ತೀನಿ. ಖರ್ಚೆಲ್ಲಾ ನಂದು. ಗಾಡಿ ಬಾಣದಂಗ ಹೋಗತದ ನೋಡ್ರಿ" ಎಂದ.

ನಾನು ಆ ಕ್ಷಣಕ್ಕೆ ಏನೂ ಹೇಳಲಿಲ್ಲ. ಮೂವತ್ತು ವರ್ಷಕ್ಕೂ ಮಿಕ್ಕಿ ಪ್ರೌಢಶಾಲೆಯಲ್ಲಿ ಗಣಿತ, ವಿಜ್ಞಾನಗಳನ್ನು ಕಲಿಸಿದವನಿಗೆ ಹೀಗೆ ಸುಮ್ಮನಿರುವುದು ಸುಲಭವಲ್ಲ! ಆದರೆ ಇದು ಅವನೊಬ್ಬನ ಅಭಿಪ್ರಾಯವಲ್ಲ. ಹಳೆಯ ಕಾರುಗಳ ಮೇಲೆ ಮಮತೆ ಬೆಳೆಸಿಕೊಂಡ ಅನೇಕ ತರುಣರಲ್ಲಿ, ನನ್ನ ಕೆಲವು ಶಿಷ್ಯರಲ್ಲಿಯೂ, ಇದೇ ನಂಬಿಕೆ ಬೇರೂರಿದೆ. ಕಾರ್ಬೊರೇಟರಿನ ಬಾಯಿ ದೊಡ್ಡದಾದಷ್ಟೂ ಎಂಜಿನ್ನಿನ ಬಲ ಹೆಚ್ಚುತ್ತದೆ ಎಂಬ ನಂಬಿಕೆ ಅದು. ಈ ನಂಬಿಕೆ ತಪ್ಪು, ಮತ್ತು ಇದರಿಂದ ಒಳ್ಳೆಯ ಕಾರುಗಳು ಕೆಡುತ್ತಿವೆ ಎಂದು ಇಲ್ಲಿ ಬಹಿರಂಗವಾಗಿಯೇ ವಾದಿಸಬಯಸುತ್ತೇನೆ.

ಆ ಕಾರಿನ ವಿಷಯ ನಿಮ್ಮಲ್ಲಿ ಬಹಳ ಜನರಿಗೆ ಗೊತ್ತು. 1974ರ ಮಾರ್ಕ್ 2. 1983ರಲ್ಲಿ ಹತ್ತಿಯ ಬೆಳೆ ಕೈಹಿಡಿದಾಗ ತೀರ್ಥರೂಪರು ಅದನ್ನು ಎರಡನೇ ಕೈಯಲ್ಲಿ ಕೊಂಡರು. ಹೆಸರಿಗೆ ಮಾತ್ರ ಅದು ನಮ್ಮ ಮನೆಯ ಕಾರು. ಸರಿರಾತ್ರಿಯಲ್ಲಿ ಹೆರಿಗೆ ನೋವು ಬಂದವರನ್ನು, ಹೊಲದಲ್ಲಿ ಹಾವು ಕಚ್ಚಿಸಿಕೊಂಡವರನ್ನು ರಾಯಚೂರಿಗೆ ಒಯ್ದದ್ದು ಅದೇ. ಈ ಬರಹವನ್ನು ಓದುತ್ತಿರುವವರಲ್ಲಿಯೂ ಆ ಕಾರಿನ ಹಿಂದಿನ ಸೀಟಿನ ಋಣ ಉಳ್ಳವರಿದ್ದೀರಿ. ಕರೆದಾಗ ಚಾಲೂ ಆಗಬೇಕು, ಕೆಟ್ಟ ರಸ್ತೆಯಲ್ಲಿ ಮೆಲ್ಲಗೆ ಎಳೆಯಬೇಕು, ನಡುದಾರಿಯಲ್ಲಿ ನಿಲ್ಲಬಾರದು. ಈ ಮೂರು ಗುಣಗಳಿಂದಲೇ ಅದಕ್ಕೆ ಊರಿನಲ್ಲಿ ಮರ್ಯಾದೆ ಬಂದದ್ದು.

ಈಗ ಕರಿಹಲಗೆಯ ಮುಂದೆ ನಿಂತವನಂತೆ ಸ್ವಲ್ಪ ಲೆಕ್ಕ ಮಾಡುತ್ತೇನೆ, ಬೇಸರಿಸಬೇಡಿ. ಎಂಜಿನ್ನಿನ ಗಾತ್ರ 1489 ಘನ ಸೆಂಟಿಮೀಟರ್. ನಾಲ್ಕು ಸ್ಟ್ರೋಕಿನ ಎಂಜಿನ್ ಎರಡು ಸುತ್ತಿಗೆ ಒಮ್ಮೆ ಮಾತ್ರ ತನ್ನ ಪೂರ್ಣ ಗಾತ್ರದಷ್ಟು ಉಸಿರೆಳೆಯುತ್ತದೆ. ನಿಮಿಷಕ್ಕೆ 3000 ಸುತ್ತು ತಿರುಗುವಾಗ, ಅಂದರೆ ಟಾಪ್ ಗೇರಿನಲ್ಲಿ ಗಂಟೆಗೆ ಸುಮಾರು 75ರಿಂದ 80 ಕಿಲೋಮೀಟರ್ ವೇಗದಲ್ಲಿ, 1500 ಸಲ ಉಸಿರೆಳೆಯುತ್ತದೆ. ಸಿಲಿಂಡರ್ ಪ್ರತಿಸಲ ನೂರಕ್ಕೆ 80ರಷ್ಟು ತುಂಬುತ್ತದೆಂದು ಹಿಡಿದರೆ, ನಿಮಿಷಕ್ಕೆ ಸುಮಾರು 1790 ಲೀಟರ್ ಗಾಳಿ. ಸೆಕೆಂಡಿಗೆ 30 ಲೀಟರಿಗಿಂತ ತುಸು ಕಡಿಮೆ. ನಮ್ಮ ಕಾರಿನಲ್ಲಿರುವ ಎಸ್.ಯು. ಕಾರ್ಬೊರೇಟರಿನ ಗಂಟಲು ಒಂದೂಕಾಲು ಅಂಗುಲ. ಅದು ಪೂರ್ಣ ತೆರೆದಾಗ ಗಾಳಿಯ ಸರಾಸರಿ ವೇಗ ಸೆಕೆಂಡಿಗೆ ಸುಮಾರು 38 ಮೀಟರ್. ಪೆಟ್ರೋಲನ್ನು ಹೀರಿ ತುಂತುರು ಮಾಡಲು ಇದು ಯೋಗ್ಯವಾದ ವೇಗ.

ಅಣ್ಣನ ಮಗ ಆರಿಸಿರುವ ವೆಬರಿಗೆ ಎರಡು ಗಂಟಲು. ಒಂದೊಂದರಲ್ಲಿ 36 ಮಿಲಿಮೀಟರ್ ಕಿರಿಗಂಟಲನ್ನು ಕೂರಿಸಿದರೂ ಒಟ್ಟು ವಿಸ್ತೀರ್ಣ ಹಳೆಯದರ ಎರಡೂವರೆ ಪಟ್ಟಿಗೂ ಹೆಚ್ಚು. ಎಂಜಿನ್ ಎಳೆಯುವ ಗಾಳಿ ಮಾತ್ರ ಮೊದಲಿನಷ್ಟೇ! ಹಾಗಾಗಿ ವೇಗ ಸೆಕೆಂಡಿಗೆ 15 ಮೀಟರಿಗೆ ಇಳಿಯುತ್ತದೆ. ನಮ್ಮ ಎಡೆದೊರೆ ನಾಡಿನವರಿಗೆ ಇದನ್ನು ವಿವರಿಸಬೇಕೆ? ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ರೈತರನ್ನು ಕೇಳಿ. ಬರುವ ನೀರು ಅಷ್ಟೇ ಇದ್ದು ಕಾಲುವೆಯನ್ನು ಮಾತ್ರ ಅಗಲಿಸಿದರೆ ಹರಿವು ಮಂದವಾಗುತ್ತದೆ, ಹೂಳು ಕೂಡುತ್ತದೆ, ಕೊನೆಯ ಹೊಲ ಒಣಗುತ್ತದೆ. ಮಂದವಾದ ಗಾಳಿಯಲ್ಲಿ ಪೆಟ್ರೋಲಿನ ಹನಿಗಳೂ ಹೂಳಿನಂತೆಯೇ. ಮ್ಯಾನಿಫೋಲ್ಡಿನ ಗೋಡೆಗೆ ಅಂಟಿ ಹರಿಯುತ್ತವೆ. ಒಂದು ಸಿಲಿಂಡರಿಗೆ ಅತಿವೃಷ್ಟಿ, ಇನ್ನೊಂದಕ್ಕೆ ಅನಾವೃಷ್ಟಿ. ಆಕ್ಸಿಲರೇಟರ್ ಒತ್ತಿದಾಗ ಗಾಡಿ ಒಮ್ಮೆ ಉಗ್ಗಿ ಆಮೇಲೆ ಏಳುವುದು ಇದರಿಂದಲೇ.

ಹಳೆಯ ಎಸ್.ಯು. ಎಂದರೆ ತರುಣರಿಗೆ ಅಸಡ್ಡೆ. ಅದರ ಯುಕ್ತಿಯನ್ನು ಒಮ್ಮೆ ಬಿಚ್ಚಿ ನೋಡಬೇಕು. ಇಂಗ್ಲೆಂಡಿನಲ್ಲಿ ಪಾದರಕ್ಷೆ ತಯಾರಿಸುವ ಸ್ಕಿನ್ನರ್ ಮನೆತನದವರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ರೂಪಿಸಿದ ಉಪಕರಣವಿದು. ಮೊದಮೊದಲು ಅದರಲ್ಲಿ ಚರ್ಮದ ತಿದಿಯೇ ಇತ್ತಂತೆ. ಎಂಜಿನ್ ಕಡಿಮೆ ಗಾಳಿ ಕೇಳಿದರೆ ಅದರೊಳಗಿನ ಪಿಸ್ಟನ್ ಕೆಳಗಿಳಿದು ಗಂಟಲನ್ನು ಕಿರಿದುಗೊಳಿಸುತ್ತದೆ, ಹೆಚ್ಚು ಕೇಳಿದರೆ ಮೇಲೇರಿ ತೆರೆಯುತ್ತದೆ. ಪಿಸ್ಟನ್ನಿನ ತುದಿಯ ಮೊನಚಾದ ಸೂಜಿ ಜೆಟ್ಟಿನಲ್ಲಿ ಏರಿಳಿದು ಪೆಟ್ರೋಲನ್ನು ಅಳೆದು ಕೊಡುತ್ತದೆ. ಅಂದರೆ ತನ್ನ ಬಾಯಿಯ ಅಳತೆಯನ್ನು ತಾನೇ ಬದಲಿಸಿಕೊಳ್ಳುವ ಕಾರ್ಬೊರೇಟರ್ ಅದು. ಅದನ್ನು ಕಿತ್ತು, ಒಂದೇ ಅಳತೆಯ ದೊಡ್ಡ ಗಂಟಲನ್ನು ಕೂರಿಸುವುದನ್ನು ಸುಧಾರಣೆ ಎನ್ನಬೇಕೆ?

ಮ್ಯಾನಿಫೋಲ್ಡಿನ ಮಾತಿಗೆ ಬರೋಣ. ಅಂಬಾಸಡರಿನ ಈ ಎಂಜಿನ್ನಿನಲ್ಲಿ ಸಿಲಿಂಡರುಗಳು ನಾಲ್ಕಾದರೂ ಹೆಡ್ಡಿನಲ್ಲಿ ಗಾಳಿ ಒಳಬರುವ ದ್ವಾರಗಳು ಎರಡೇ. 1 ಮತ್ತು 2ನೆಯದಕ್ಕೆ ಒಂದು, 3 ಮತ್ತು 4ನೆಯದಕ್ಕೆ ಇನ್ನೊಂದು. ಹೊರಗೆ ಎಷ್ಟೇ ಹೊಳೆಯುವ ಮ್ಯಾನಿಫೋಲ್ಡ್ ಜೋಡಿಸಿದರೂ ಕೊನೆಗೆ ಗಾಳಿ ಈ ಎರಡು ತೂಬುಗಳಲ್ಲಿಯೇ ತೂರಬೇಕು. ಮೂಲ ಮ್ಯಾನಿಫೋಲ್ಡ್ ಎಕ್ಸಾಸ್ಟಿನ ಪಕ್ಕದಲ್ಲಿಯೇ ಕುಳಿತು ಅದರ ಶಾಖವನ್ನು ಪಡೆಯುತ್ತದೆ. ಹನಿಗಳು ಆವಿಯಾಗಲೆಂದು ತಯಾರಕರು ಉದ್ದೇಶಪೂರ್ವಕವಾಗಿ ಮಾಡಿದ ಏರ್ಪಾಡು ಅದು. ನೋಡಲು ಚೆಂದವೆಂದು ಅದನ್ನು ತೆಗೆದರೆ ಆ ಶಾಖವೂ ಹೋಯಿತು.

"ರಾಯಚೂರಿನ ಬಿಸಿಲಿಗೆ ಇನ್ನಷ್ಟು ಶಾಖವೇತಕ್ಕೆ?" ಎಂದು ನೀವು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮಲ್ಲಿ ಪೆಟ್ರೋಲ್ ಪಂಪಿನಲ್ಲಿಯೇ ಆವಿಯಾಗಿ ಕಾರು ನಿಲ್ಲುವುದುಂಟು. ಅಪ್ಪ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಕಾಯುತ್ತಿದ್ದುದನ್ನು ನಾನೇ ಕಂಡಿದ್ದೇನೆ. ಆದರೆ ಅಲ್ಲಿ ಕಾಯುವುದು ಪಂಪು, ಪೈಪು ಮತ್ತು ಕಾರ್ಬೊರೇಟರಿನ ಬಟ್ಟಲು. ಅದಕ್ಕೆ ಪರಿಹಾರ ಕಾರ್ಬೊರೇಟರಿಗೂ ಮ್ಯಾನಿಫೋಲ್ಡಿಗೂ ನಡುವೆ ಶಾಖ ತಡೆಯುವ ದಪ್ಪ ಪ್ಯಾಕಿಂಗ್, ಎಕ್ಸಾಸ್ಟಿನ ಕಡೆಗೆ ಒಂದು ತಗಡಿನ ಮರೆ, ಪೈಪನ್ನು ಬಿಸಿ ಜಾಗದಿಂದ ದೂರ ಸರಿಸುವುದು. ಇಷ್ಟಕ್ಕೆ ಮ್ಯಾನಿಫೋಲ್ಡನ್ನೇ ಬದಲಿಸುವುದು ನೆಗಡಿಗೆ ಮೂಗು ಕೊಯ್ದಂತೆ.

ಇನ್ನು ಎದುರು ಪಕ್ಷದ ಬಲವಾದ ವಾದವನ್ನೂ ಮರೆಮಾಚಬಾರದು. ಅಣ್ಣನ ಮಗ ಓದಿಕೊಂಡೇ ಬಂದಿದ್ದ. 1955ರ ಎಂ.ಜಿ.ಎ. ಎಂಬ ಇಂಗ್ಲಿಷ್ ಕಾರಿಗೆ ಇದೇ ಕುಲದ, ಇದೇ 1489 ಸಿ.ಸಿ. ಎಂಜಿನ್, ಅದಕ್ಕೆ ಒಂದೂವರೆ ಅಂಗುಲದ ಎರಡು ಎಸ್.ಯು. ಕಾರ್ಬೊರೇಟರ್. ನಮ್ಮದು 50 ಅಶ್ವಶಕ್ತಿಯ ಆಸುಪಾಸಿನದು. ಅದು 70ರ ಸಮೀಪ. ನಿಜ, ಒಪ್ಪುತ್ತೇನೆ. ಆದರೆ ಆ ಬಲ ಬಂದದ್ದು ಕಾರ್ಬೊರೇಟರುಗಳಿಂದ ಮಾತ್ರವಲ್ಲ. ಅದರ ಕಂಪ್ರೆಶನ್ 8.3ಕ್ಕೆ 1, ನಮ್ಮದಕ್ಕಿಂತ ಹೆಚ್ಚು. ಹೆಡ್ಡಿನ ವಾಲ್ವುಗಳು ಬೇರೆ. ಪೂರ್ಣ ಬಲ ದೊರೆಯುವುದು 5500 ಸುತ್ತಿನ ಹತ್ತಿರ. ಇಬ್ಬರೇ ಕೂರುವ ಹಗುರ ಕಾರಿಗೆ ಅದು ಸರಿ. ಹಿಂದೆ ಚೆನ್ನೈ ಬಳಿಯ ಶೋಳವರಂ ರೇಸುಗಳಲ್ಲಿ ಓಡಿಸುವವರಿಗೂ ಸರಿ. ಆರು ಮಂದಿಯನ್ನೂ ಎರಡು ಚೀಲ ಶೇಂಗಾವನ್ನೂ ಹೊತ್ತು, ಗುಂಡಿ ತಪ್ಪಿಸುತ್ತ 1500–2500 ಸುತ್ತಿನಲ್ಲಿ ಬದುಕುವ ನಮ್ಮ ಕಾರಿಗೆ ಅದರಿಂದೇನು ಲಾಭ?

ಇದು ಬರೀ ಪುಸ್ತಕದ ಬದನೆಕಾಯಿಯಲ್ಲ. ನಮ್ಮ ಬೀಗರೊಬ್ಬರು ತಮ್ಮ ಅಂಬಾಸಡರನ್ನು ದೂರದ ನಗರದ ಒಂದು ಗ್ಯಾರೇಜಿಗೆ ಕೊಟ್ಟು ದೊಡ್ಡ ಕಾರ್ಬೊರೇಟರ್ ಹಾಕಿಸಿಕೊಂಡರು. ಬಂದ ದಿನ ಸದ್ದು ಅದ್ಭುತ! ಆಮೇಲೆ ನಿಂತಲ್ಲಿ ಎಂಜಿನ್ ನಿಲ್ಲುತ್ತಿರಲಿಲ್ಲವೆಂದರೆ ಅದೇ ಆಶ್ಚರ್ಯ. ರೈಲ್ವೆ ಗೇಟಿನ ಬಳಿ ಬಂದ್ ಬಿದ್ದು, ಹಿಂದಿನ ಲಾರಿಯವರ ಬೈಗುಳ ತಿಂದು, ಪ್ಲಗ್ಗುಗಳು ಮಸಿಯಾಗಿ, ಏವರೇಜ್ ಅರ್ಧಕ್ಕಿಳಿದು, ಈಗ ಆ ಕಾರು ತಾಡಪಾಲಿನ ಕೆಳಗೆ ಮಲಗಿದೆ. ಮೂಲ ಕಾರ್ಬೊರೇಟರನ್ನು ಕೇಳಿದರೆ ಗುಜರಿಗೆ ಹೋಯಿತೆಂದರಂತೆ. ನನಗೆ ಭಯವಿರುವುದು ಇದರದೇ. ಅಂಬಾಸಡರ್ ತಯಾರಿಕೆ 2014ರಲ್ಲಿಯೇ ನಿಂತಿತು. ಒಮ್ಮೆ ಗುಜರಿಗೆ ಹೋದ ಭಾಗ ಸುಲಭವಾಗಿ ಮರಳಿ ಬಾರದು.

ಕಾನೂನಿನ ಮಾತನ್ನೂ ಕೇಳಿ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಮಾಡಿದ ನಿಯಮದಂತೆ, ಮೊದಲ ನೋಂದಣಿಯಿಂದ 50 ವರ್ಷ ಮೀರಿದ, ಮೂಲರೂಪದಲ್ಲಿ ಉಳಿದಿರುವ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು. ಹಾಗೆ ನೋಂದಾಯಿಸಿದ ಕಾರನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಆದ್ದರಿಂದ ಸದ್ಯಕ್ಕೆ ನಮಗದು ಬೇಡ. ಆದರೆ ನಮ್ಮ ಕಾರಿಗೆ 50 ತುಂಬಿದೆ. ಮುಂದೆಂದೋ ಮೊಮ್ಮಕ್ಕಳು ಆ ಮಾನ್ಯತೆ ಬಯಸಿದರೆ, ಇಂದಿನ ನಮ್ಮ ಶೋಕಿಯಿಂದ ಅವರ ದಾರಿಗೆ ಮುಳ್ಳಾಗಬಾರದು.

ಹಾಗಾದರೆ ಏನೂ ಮಾಡಬಾರದೆ? ಮಾಡಲೇಬೇಕು. 2025ರಿಂದ ನಮ್ಮ ಬಂಕುಗಳಲ್ಲಿ ನೂರಕ್ಕೆ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್ ಬರುತ್ತಿದೆ. ಒಂದು ಕಿಲೋ ಶುದ್ಧ ಪೆಟ್ರೋಲ್ ಉರಿಯಲು 14.7 ಕಿಲೋ ಗಾಳಿ ಬೇಕು, ಎಥೆನಾಲಿಗೆ 9 ಕಿಲೋ ಸಾಕು. ಮಿಶ್ರಣಕ್ಕೆ ಸುಮಾರು 13.5. ಹಳೆಯ ಹೊಂದಾಣಿಕೆಯಲ್ಲಿಯೇ ಓಡಿಸಿದರೆ ಮಿಶ್ರಣ ತೆಳುವಾಗಿ ಎಂಜಿನ್ ಕಾಯುತ್ತದೆ. ಎಸ್.ಯು.ನಲ್ಲಿ ಜೆಟ್ಟಿನ ಕೆಳಗಿನ ನಟ್ಟನ್ನು ಸ್ವಲ್ಪ ಸ್ವಲ್ಪವೇ ಕೆಳಗಿಳಿಸಿ, ಅಗತ್ಯವಾದರೆ ಇನ್ನಷ್ಟು ಪೆಟ್ರೋಲ್ ಬಿಡುವ ಸೂಜಿ ಹಾಕಿ ಇದನ್ನು ಸರಿಪಡಿಸಬಹುದು. ಎಥೆನಾಲ್ ಆವಿಯಾಗಲು ಪೆಟ್ರೋಲಿಗಿಂತ ಎರಡು ಪಟ್ಟಿಗೂ ಹೆಚ್ಚು ಶಾಖ ಬೇಕು. ಮೂಲ ಮ್ಯಾನಿಫೋಲ್ಡಿನ ಬೆಲೆ ಇಂದು ಇನ್ನೂ ಹೆಚ್ಚಿತೆಂದೇ ಅರ್ಥ. ಹಳೆಯ ರಬ್ಬರ್ ಪೈಪುಗಳನ್ನು ಎಥೆನಾಲ್ ತಿನ್ನುತ್ತದೆ, ಅವನ್ನು ಬದಲಿಸಲೇಬೇಕು. ಸವೆದ ಥ್ರಾಟಲ್ ಸ್ಪಿಂಡಲ್ ಹೊಸದು ಬೇಕು, ಮ್ಯಾನಿಫೋಲ್ಡಿನ ಪ್ಯಾಕಿಂಗಿನಲ್ಲಿ ಗಾಳಿ ಸೋರಬಾರದು, ಡ್ಯಾಂಪರಿನಲ್ಲಿ ಎಣ್ಣೆ ಇರಬೇಕು. ರಾಯಚೂರಿನಲ್ಲಿ ಗ್ಯಾರೇಜ್ ನಡೆಸುವ ನನ್ನ ಶಿಷ್ಯನೊಬ್ಬ ಕಾರನ್ನು ನೋಡಿ ಹೇಳಿದ ಮಾತು ಲಕ್ಷಕ್ಕೆ ಒಂದು: "ಸರ, ಕಾರ್ಬೋರೇಟರ್ ಕೆಟ್ಟಿಲ್ರಿ, ನೋಡ್ಕೊಳ್ಳೋರು ಕೆಟ್ಟಾರ!"

ಆ ಮಾತು ನನಗೂ ತಾಗಿತು. ನಾಲ್ಕು ವರ್ಷ ಅದರ ಮುಚ್ಚಳ ತೆಗೆಯದವನು ನಾನೇ.

ಆದ್ದರಿಂದ ಅಣ್ಣನ ಮಗನಿಗೆ ಇಲ್ಲಿಂದಲೇ ಹೇಳುತ್ತಿದ್ದೇನೆ. ತಮ್ಮಾ, ವೆಬರಿಗೆ ತೆಗೆದಿಟ್ಟ ಹಣದಲ್ಲಿ ಬ್ರೇಕು, ಟೈರು, ವೈರಿಂಗ್ ಮಾಡಿಸು. ನಾಲ್ಕು ಜೀವ ಒಳಗೆ ಕೂರುತ್ತವೆ. ಹಳೆಯ ಕಾರ್ಬೊರೇಟರನ್ನು ನನ್ನ ಶಿಷ್ಯ ಬಿಚ್ಚಿ ತೊಳೆದು ಕೂರಿಸುತ್ತಿದ್ದಾನೆ. ದೀಪಾವಳಿಗೆ ಬಾ. ಮನೆಯವರನ್ನೆಲ್ಲ ಕೂರಿಸಿಕೊಂಡು ರಾಯಚೂರಿನವರೆಗೆ ನೀನೇ ಓಡಿಸು. ಟಾಪ್ ಗೇರಿನಲ್ಲಿಯೇ ಎತ್ತಿನ ಬಂಡಿಯ ಹಿಂದೆ ಮೆಲ್ಲಗೆ ಬಂದು, ಉಗ್ಗದೆ ಮತ್ತೆ ಎಳೆಯುತ್ತದೆಯೋ ಇಲ್ಲವೋ ನೋಡು. ಎಳೆಯದಿದ್ದರೆ ನಿನ್ನ ವೆಬರಿಗೆ ನಾನೇ ಅರ್ಧ ಖರ್ಚು ಕೊಡುತ್ತೇನೆ.